ಕ್ಯಾಮೆರಾ ಬಗ್ಗೆ ಬರೆಯುವಾಗ ಲೆನ್ಸ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹವ್ಯಾಸಿಗಳು ಯಾವ ಕ್ಯಾಮೆರಾ ಕೊಳ್ಳಬೇಕು ಅಂತ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಇಂಥ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಬರಹದ ತುಂಬಾ ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಮಾತೇ ಇತ್ತು. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫ್ರೇಮ್, ವಿಡಿಯೊ 4ಕೆ ಇದೆಯೋ ಇಲ್ಲವೋ, ಹಿಂದಿನ ಸ್ಕ್ರೀನ್ ತಿರುಗುತ್ತದೋ ಇಲ್ಲವೋ. ಲೆನ್ಸ್ ಬಗ್ಗೆ ಕೊನೆಯಲ್ಲಿ ಒಂದೇ ಒಂದು ಸಾಲು, ನಿಮ್ಮ ಅಗತ್ಯಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಿ ಅಂತ. ಕೊಳ್ಳುವವರಿಗೆ ತಲೆನೋವು ಶುರುವಾಗುವುದೇ ಆ ಸಾಲಿನಿಂದ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಬಾಡಿ ನಾಲ್ಕೈದು ವರ್ಷಕ್ಕೆ ಹಳೆಯದು ಅನ್ನಿಸಿಬಿಡುತ್ತದೆ. ಒಳ್ಳೆಯ ಲೆನ್ಸ್ ಹಾಗಲ್ಲ, ಜೋಪಾನ ಮಾಡಿದರೆ ಇಪ್ಪತ್ತು ವರ್ಷ ಬಾಳುತ್ತದೆ. ಬಾಡಿಯ ಮೇಲೆ ಲೆನ್ಸ್ ಕೂರುವ ಜೋಡಣೆಗೆ ಮೌಂಟ್ ಅನ್ನುತ್ತಾರೆ. ನಿಕಾನ್ ಕಂಪನಿ ಎಫ್ ಮೌಂಟ್ ತಂದಿದ್ದು 1959ರಲ್ಲಿ. ಕ್ಯಾನನ್ ಇಎಫ್ ಮೌಂಟ್ ಬಂದಿದ್ದು 1987ರಲ್ಲಿ. ಆ ಮೌಂಟುಗಳಲ್ಲಿ ಎಷ್ಟೋ ಬಾಡಿಗಳು ಬಂದು ಹೋದವು, ಫಿಲ್ಮ್ ಹೋಗಿ ಡಿಜಿಟಲ್ ಬಂತು, ಲೆನ್ಸುಗಳು ಮಾತ್ರ ಕೈಯಿಂದ ಕೈಗೆ ದಾಟುತ್ತಾ ಉಳಿದವು. ಅಂದರೆ ಮೊದಲ ಬಾಡಿ ಕೊಂಡ ದಿನವೇ ನಾವು ಒಂದು ಮೌಂಟಿಗೆ ಸೇರಿಕೊಂಡೆವು ಅಂತ ಅರ್ಥ. ಆ ಮೌಂಟಿಗೆ ಎರಡು ಮೂರು ಲೆನ್ಸ್ ಕೂಡಿಕೊಂಡ ಮೇಲೆ ಬೇರೆ ಕಡೆ ಹೋಗುವುದು ಸುಲಭ ಇಲ್ಲ. ಇರುವುದೆಲ್ಲ ಮಾರಬೇಕು, ಮತ್ತೆ ಎಲ್ಲ ಕೊಳ್ಳಬೇಕು.

ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ 2018ರಲ್ಲಿ ನಿಕಾನ್ ಝಡ್ ಮೌಂಟ್ ಬಂತು, ಕ್ಯಾನನ್ ಆರ್‌ಎಫ್ ಬಂತು, ಅದೇ ವರ್ಷ ಲೈಕಾ, ಪ್ಯಾನಸಾನಿಕ್, ಸಿಗ್ಮಾ ಮೂರೂ ಕಂಪನಿಗಳು ಎಲ್ ಮೌಂಟಿಗಾಗಿ ಕೈಜೋಡಿಸಿದವು. ಕನ್ನಡಿ ಇರುವ ಹಳೆಯ ಬಗೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ, ಚಿತ್ರ ಮೂಡುವ ಸೆನ್ಸರ್‌ಗೂ ನಡುವೆ ಕನ್ನಡಿ ಏಳಲು ಜಾಗ ಬೇಕಿತ್ತು, ಹಾಗಾಗಿ ನಿಕಾನ್ ಎಫ್‌ನಲ್ಲಿ ಮೌಂಟಿನಿಂದ ಸೆನ್ಸರ್‌ಗೆ 46.5 ಎಂಎಂ ದೂರ. ಕನ್ನಡಿ ತೆಗೆದ ಮೇಲೆ ಝಡ್‌ನಲ್ಲಿ ಅದು ಬರೀ 16 ಎಂಎಂ. ಕ್ಯಾನನ್‌ನಲ್ಲಿ 44 ಇದ್ದದ್ದು 20ಕ್ಕೆ ಇಳಿಯಿತು. ಹೀಗೆ ಉಳಿದ ಜಾಗದಲ್ಲೇ ಅಡಾಪ್ಟರ್, ಅಂದರೆ ಒಂದು ಮೌಂಟಿನ ಲೆನ್ಸನ್ನು ಇನ್ನೊಂದಕ್ಕೆ ಹೊಂದಿಸುವ ಉಂಗುರ, ಕೂರುವುದು. ಹಳೆಯ ಡಿಎಸ್‌ಎಲ್‌ಆರ್ ಲೆನ್ಸನ್ನು ಹೊಸ ಮಿರರ್‌ಲೆಸ್ ಬಾಡಿಗೆ ಹಾಕಬಹುದು, ಹೊಸ ಲೆನ್ಸನ್ನು ಹಳೆಯ ಬಾಡಿಗೆ ಹಾಕಲು ಬರುವುದಿಲ್ಲ ಅನ್ನುವುದಕ್ಕೆ ಕಾರಣ ಇಷ್ಟೇ. ಮನೆಯಲ್ಲಿ ಹಳೆಯ ಲೆನ್ಸ್ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್ ಒಳಗೆ ಫೋಕಸ್ ಮೋಟರ್ ಇಲ್ಲ. ತನ್ನೊಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸ್ ಆಟೋಫೋಕಸ್ ಆಗುತ್ತದೆ, ಬಾಡಿಯ ಮೋಟರನ್ನೇ ನಂಬಿಕೊಂಡಿದ್ದ ಎಎಫ್-ಡಿ ಲೆನ್ಸ್ ಆದರೆ ಕೈಯಲ್ಲೇ ರಿಂಗ್ ತಿರುಗಿಸಬೇಕು. ಅಡಾಪ್ಟರ್ ಹಾಕಿದರೆ ಎಲ್ಲ ನಡೆಯುತ್ತೆ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಇದನ್ನು ಹೇಳುವುದಿಲ್ಲ.

ಮೌಂಟುಗಳು ನಿಂತೂ ಹೋಗುತ್ತವೆ. ಸ್ಯಾಮ್‌ಸಂಗ್ ಎನ್‌ಎಕ್ಸ್ 2010ರಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ನಿಕಾನ್ 1 ಬಂದಿದ್ದು 2011ರಲ್ಲಿ, ನಿಂತಿದ್ದು 2018ರಲ್ಲಿ. ಕ್ಯಾನನ್ ಇಒಎಸ್ ಎಂ 2012ರಿಂದ 2023ರವರೆಗೆ ನಡೆಯಿತು. ಇವು ಕೆಟ್ಟ ಕ್ಯಾಮೆರಾಗಳಾಗಿರಲಿಲ್ಲ, ಇವತ್ತಿಗೂ ಒಳ್ಳೆಯ ಚಿತ್ರ ಕೊಡುತ್ತವೆ. ಆದರೆ ಹೊಸ ಲೆನ್ಸ್ ಬರುವುದು ನಿಂತರೆ ಹವ್ಯಾಸ ಬೆಳೆದ ಹಾಗೆ ಬೆಳೆಯಲು ಆ ಸಿಸ್ಟಂನಲ್ಲಿ ಜಾಗ ಇರುವುದಿಲ್ಲ. ಒಲಿಂಪಸ್ ಕ್ಯಾಮೆರಾ ವಿಭಾಗವನ್ನು ಮಾರಿದಾಗ ಅದು ಬಳಸುತ್ತಿದ್ದ ಮೈಕ್ರೋ ಫೋರ್ ಥರ್ಡ್ಸ್ ಮೌಂಟಿನ ಕಥೆ ಮುಗಿಯಿತು ಅಂತ ತುಂಬಾ ಜನ ಅಂದರು. 2021ರಿಂದ ಓಎಂ ಡಿಜಿಟಲ್ ಸಲ್ಯೂಷನ್ಸ್ ಅದನ್ನು ನಡೆಸಿಕೊಂಡು ಬರುತ್ತಿದೆ, ಜೊತೆಗೆ ಪ್ಯಾನಸಾನಿಕ್ ಕೂಡ ಇದೆ. 2008ರಲ್ಲಿ ಶುರುವಾದ ಆ ಮೌಂಟಿಗೆ ಇವತ್ತು ಆರಿಸಲು ಸಾಕಷ್ಟು ಲೆನ್ಸ್‌ಗಳಿವೆ. ಹಾಗಾಗಿ ಗಾಳಿಮಾತು ಕೇಳಿ ಹೆದರುವುದಕ್ಕಿಂತ, ಆ ಮೌಂಟಿಗೆ ಈಗ ಏನೇನು ಲೆನ್ಸ್ ಸಿಗುತ್ತದೆ ಅಂತ ಪಟ್ಟಿ ತೆಗೆದು ನೋಡುವುದು ಒಳ್ಳೆಯದು. ಬೇರೆ ಕಂಪನಿಗಳ ಲೆನ್ಸ್ ಸಿಗುತ್ತದೋ ಇಲ್ಲವೋ ಅದನ್ನೂ ನೋಡಬೇಕು. 2010ರಲ್ಲಿ ಬಂದ ಸೋನಿ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಕಡೆಯಿಂದ ಲೆನ್ಸ್ ಧಾರಾಳವಾಗಿ ಇವೆ. ಕ್ಯಾನನ್ ಆರ್‌ಎಫ್‌ಗೆ ಈ ಎರಡು ಕಂಪನಿಗಳು ಆಟೋಫೋಕಸ್ ಲೆನ್ಸ್ ಮಾಡುತ್ತೇವೆ ಅಂತ ಹೇಳಿದ್ದು 2024ರಲ್ಲಿ, ಅದೂ ಮೊದಲಿಗೆ ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್‌ನ ಲೆನ್ಸುಗಳು ಮಾತ್ರ.

ಇನ್ನು ಸೆನ್ಸರ್ ಗಾತ್ರ. ಫುಲ್‌ಫ್ರೇಮ್ 36x24 ಎಂಎಂ, ಎಪಿಎಸ್-ಸಿ ಸುಮಾರು 23.5x15.6, ಮೈಕ್ರೋ ಫೋರ್ ಥರ್ಡ್ಸ್ 17.3x13. ಫುಲ್‌ಫ್ರೇಮ್ ಅಂದರೆ ದೊಡ್ಡದು, ದೊಡ್ಡದು ಅಂದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಹಕ್ಕಿ ತೆಗೆಯುವವರ ಲೆಕ್ಕ ಒಂದು ಸಲ ಮಾಡಿ ನೋಡಿ. ಹದಿನೈದು ಮೀಟರ್ ದೂರದ ಕೊಂಬೆಯ ಮೇಲೆ ಹದಿನೈದು ಸೆಂ.ಮೀ. ಉದ್ದದ ಒಂದು ಹಕ್ಕಿ ಕೂತಿದೆ. 300 ಎಂಎಂ ಲೆನ್ಸ್ (ಈ ಎಂಎಂ ಸಂಖ್ಯೆಯೇ ಫೋಕಲ್ ಲೆಂತ್, ದೊಡ್ಡದಾದಷ್ಟೂ ದೂರದ್ದನ್ನು ಹತ್ತಿರ ಎಳೆಯುತ್ತದೆ) ಹಾಕಿದರೆ ಅದರ ಬಿಂಬ ಸೆನ್ಸರ್ ಮೇಲೆ ಬೀಳುವುದು 3 ಎಂಎಂ, ಸೆನ್ಸರ್ ಯಾವುದೇ ಇರಲಿ ಅಷ್ಟೇ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ನಲ್ಲಿ ಆ ಹಕ್ಕಿಗೆ ಸಿಗುವುದು ಸುಮಾರು 500 ಪಿಕ್ಸೆಲ್. ಅಷ್ಟೇ ಮೆಗಾಪಿಕ್ಸೆಲ್‌ನ ಎಪಿಎಸ್-ಸಿಯಲ್ಲಿ ಸುಮಾರು 765. 20 ಮೆಗಾಪಿಕ್ಸೆಲ್‌ನ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಸುಮಾರು 900. ರೆಕ್ಕೆಯ ಗೆರೆ, ಕಣ್ಣಿನ ಸುತ್ತಲಿನ ಉಂಗುರ ಬಿಡಿಬಿಡಿಯಾಗಿ ಕಾಣುವುದು ಈ ಪಿಕ್ಸೆಲ್‌ಗಳಿಂದಲೇ. ಫುಲ್‌ಫ್ರೇಮ್‌ನಲ್ಲಿ ಅಷ್ಟೇ ಬೇಕು ಅಂದರೆ 500, 600 ಎಂಎಂ ಲೆನ್ಸ್ ಹೊರಬೇಕು. ಬೆಳಕು ಕಡಿಮೆ ಇದ್ದಾಗ ಫುಲ್‌ಫ್ರೇಮ್ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳು, ಕಡಿಮೆ, ಅದು ನಿಜ. ಆದರೆ ಕ್ರಾಪ್ ಮಾಡಿ ಮಾಡಿ, ಅಂದರೆ ಸುತ್ತಲಿನದ್ದು ಕತ್ತರಿಸಿ, ಕೊನೆಗೆ ಸೆನ್ಸರ್‌ನ ನಡುವಿನ ಭಾಗ ಮಾತ್ರ ಬಳಸುವುದಾದರೆ ಆ ಲಾಭವೂ ಕರಗಿ ಹೋಗುತ್ತದೆ.

ಮುಖಚಿತ್ರ ತೆಗೆಯುವವರ ಲೆಕ್ಕ ಬೇರೆ. ಹಿನ್ನೆಲೆ ಮಸುಕಾಗಿ ಮುಖ ಎದ್ದು ಕಾಣಬೇಕು ಅನ್ನುವವರಿಗೆ ಫುಲ್‌ಫ್ರೇಮ್‌ನಲ್ಲಿ 85 ಎಂಎಂ ಎಫ್/1.8 ಲೆನ್ಸ್ ಸಾಕು. ಎಫ್ ಸಂಖ್ಯೆ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ, ಅಂದರೆ ಅಪರ್ಚರ್‌ನ ಲೆಕ್ಕ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಪಿಎಸ್-ಸಿಯಲ್ಲಿ ಅದೇ ನೋಟ, ಅದೇ ಮಸುಕು ಬೇಕಾದರೆ 56 ಎಂಎಂ ಎಫ್/1.2 ಬೇಕು. ಫೋಕಲ್ ಲೆಂತ್‌ಗೂ ಅಪರ್ಚರ್‌ಗೂ ಎರಡಕ್ಕೂ ಒಂದೂವರೆ ಗುಣಿಸಿ ನೋಡಿದರೆ ಗೊತ್ತಾಗುತ್ತದೆ. ಎಫ್/1.2 ಲೆನ್ಸ್ ದಪ್ಪ, ಭಾರ, ಅಗ್ಗವೂ ಅಲ್ಲ. ಸಣ್ಣ ಸೆನ್ಸರ್ ಅಂದರೆ ಸಣ್ಣ ಚೀಲ ಅನ್ನುವ ಮಾತು ಈ ಜಾಗದಲ್ಲಿ ನಡೆಯುವುದಿಲ್ಲ. ಹೀಗೆ ಒಬ್ಬರಿಗೆ ಸರಿಯಾದ ಸಿಸ್ಟಂ ಇನ್ನೊಬ್ಬರಿಗೆ ಸರಿಯಾಗುವುದಿಲ್ಲ. ಅತ್ಯುತ್ತಮ ಹತ್ತು ಕ್ಯಾಮೆರಾ ಅಂತ ಪಟ್ಟಿ ಕೊಟ್ಟರೆ ಓದುಗರಿಗೆ ಉಪಯೋಗ ಕಡಿಮೆ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ತಾನು ಏನು ತೆಗೆಯುತ್ತೇನೆ ಅಂತ ಗೊತ್ತಾಗುವುದು ಹೇಗೆ? ಈಗಾಗಲೇ ಒಂದು ಕಿಟ್ ಜೂಮ್, ಅಂದರೆ ಕ್ಯಾಮೆರಾ ಜೊತೆಗೇ ಬರುವ 18-55ರಂಥ ಜೂಮ್ ಲೆನ್ಸ್ ಇದ್ದರೆ ಉತ್ತರ ಹಾರ್ಡ್ ಡಿಸ್ಕಿನಲ್ಲೇ ಇದೆ. ಪ್ರತಿ ಚಿತ್ರದ ಜೊತೆ ಫೋಕಲ್ ಲೆಂತ್, ಅಪರ್ಚರ್, ಶಟರ್ ಸ್ಪೀಡ್ ದಾಖಲಾಗಿರುತ್ತದೆ, ಅದನ್ನೇ ಎಕ್ಸಿಫ್ ಅನ್ನುವುದು. ಲೈಟ್‌ರೂಮ್‌ನಂಥ ಸಾಫ್ಟ್‌ವೇರ್‌ನಲ್ಲಿ ಫೋಕಲ್ ಲೆಂತ್ ಪ್ರಕಾರ ಚಿತ್ರಗಳನ್ನು ಬೇರ್ಪಡಿಸಿ ನೋಡಬಹುದು. ಎಲ್ಲ ಚಿತ್ರ ನೋಡಬೇಡಿ, ಇಷ್ಟಪಟ್ಟು ಉಳಿಸಿಕೊಂಡವನ್ನು ಮಾತ್ರ ನೋಡಿ. ಜಾಸ್ತಿ ಚಿತ್ರ 55ರಲ್ಲೇ, ಅಂದರೆ ಜೂಮಿನ ತುದಿಯಲ್ಲೇ ಇದ್ದರೆ ಇನ್ನೂ ಹತ್ತಿರ ಎಳೆಯುವ ಲೆನ್ಸ್ ಬೇಕಿದೆ. 18ರಲ್ಲೇ ಗುಂಪುಗಟ್ಟಿದ್ದರೆ ಅಗಲದ ಲೆನ್ಸ್ ಬೇಕಿದೆ. ಮನೆಯೊಳಗೆ ತೆಗೆದ ಚಿತ್ರಗಳೆಲ್ಲ ಐಎಸ್‌ಒ (ಚಿತ್ರವನ್ನು ಬೆಳಗಾಗಿಸುವ ಸೆಟ್ಟಿಂಗ್) 6400ಕ್ಕೆ ಏರಿ ಕಾಳುಕಾಳಾಗಿದ್ದರೆ ಬಾಡಿ ಬದಲಿಸುವ ಮೊದಲು ಒಂದು ಎಫ್/1.8 ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸ್, ಹಾಕಿ ನೋಡಬೇಕು. ಕಿಟ್ ಲೆನ್ಸಿನ ಎಫ್/5.6ಕ್ಕೆ ಹೋಲಿಸಿದರೆ ಅದು ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. 6400 ಬೇಕಾಗಿದ್ದ ಕಡೆ 650ರ ಆಸುಪಾಸು ಸಾಕಾಗುತ್ತದೆ. ಯಾವ ಹೊಸ ಬಾಡಿಯೂ ಒಂದೇ ಸಲಕ್ಕೆ ಇಷ್ಟು ವ್ಯತ್ಯಾಸ ಕೊಡುವುದಿಲ್ಲ. ಬಾಡಿಯೊಳಗಿನ ಸ್ಟೆಬಿಲೈಸೇಷನ್ ಇದ್ದರೆ ಸಾಕಲ್ಲ ಅನ್ನುವವರೂ ಇದ್ದಾರೆ. ಅದು ನಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಓಡುವ ಮಗುವನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಶಟರ್ ಸ್ಪೀಡೇ ಬೇಕು.

ಮ್ಯಾಕ್ರೋ, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವುದು, ಇಷ್ಟ ಇರುವವರು ಲೆನ್ಸಿನ ಕನಿಷ್ಠ ಫೋಕಸ್ ದೂರ ಓದುವಾಗ ಅದು ಸೆನ್ಸರ್‌ನಿಂದ ಅಳೆದದ್ದು ಅಂತ ನೆನಪಿಡಬೇಕು. ಸಾಮಾನ್ಯವಾಗಿ 100 ಎಂಎಂ ಮ್ಯಾಕ್ರೋದಲ್ಲಿ 30 ಸೆಂ.ಮೀ. ಅಂದರೆ ಲೆನ್ಸಿನ ಮೂತಿಯಿಂದ ಚಿಟ್ಟೆಗೆ ಅದರ ಅರ್ಧದಷ್ಟೂ ಉಳಿಯುವುದಿಲ್ಲ. 60 ಎಂಎಂ ಆದರೆ ಇನ್ನೂ ಹತ್ತಿರ ಹೋಗಬೇಕು, ಅಷ್ಟರಲ್ಲಿ ಚಿಟ್ಟೆ ಹಾರಿಹೋಗಿರುತ್ತದೆ.

ತೂಕದ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಮಾತೂ ಇರಲಿಲ್ಲ. ನನ್ನ ಮಟ್ಟಿಗೆ ಹವ್ಯಾಸಿಗೆ ಇದು ಮೆಗಾಪಿಕ್ಸೆಲ್‌ಗಿಂತ ದೊಡ್ಡ ವಿಷಯ. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸ್ 635 ಗ್ರಾಂ. ಸೋನಿಯ 200-600 ಲೆನ್ಸ್ 2 ಕಿಲೋಗೂ ಜಾಸ್ತಿ, 2115 ಗ್ರಾಂ. ಎರಡನೆಯದು ದೂರ ಎಳೆಯುತ್ತದೆ, ಬೆಳಕೂ ಜಾಸ್ತಿ ತರುತ್ತದೆ. ಮೊದಲನೆಯದು 400ರಲ್ಲಿ ಎಫ್/8, ನಸುಕಿನಲ್ಲಿ ಕಷ್ಟ ಕೊಡುತ್ತದೆ. ಆದರೆ ಕೆಲಸ ಮುಗಿಸಿ ಬಂದು ಸಂಜೆ ಒಂದು ಗಂಟೆ ಸುತ್ತಾಡುವವರ ಭುಜ ಯಾವುದನ್ನು ಹೊರುತ್ತದೆ, ಯಾವುದನ್ನು ಕಪಾಟಿನಲ್ಲೇ ಬಿಟ್ಟು ಹೋಗುತ್ತದೆ? ಇದಕ್ಕೆ ಉತ್ತರ ಅವರವರೇ ಕೊಟ್ಟುಕೊಳ್ಳಬೇಕು, ಲೆನ್ಸನ್ನು ಕ್ಯಾಮೆರಾ ಬಾಡಿಯ ಮೇಲೆ ಕೂರಿಸಿ ಹತ್ತು ನಿಮಿಷ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದ ಮೇಲೆ. ಕೈಯಲ್ಲಿ ಹಿಡಿದಾಗ ಬೇರೆ ಸಂಗತಿಗಳೂ ಗೊತ್ತಾಗುತ್ತವೆ. ನಿಕಾನ್ ಲೆನ್ಸಿನ ಜೂಮ್ ರಿಂಗ್ ತಿರುಗುವುದು ಒಂದು ಕಡೆಗೆ, ಕ್ಯಾನನ್‌ನದು ಅದರ ಉಲ್ಟಾ. ಲೆನ್ಸ್ ಕೂರಿಸುವಾಗ ತಿರುಗಿಸುವ ದಿಕ್ಕೂ ಹಾಗೆಯೇ. ಒಂದಕ್ಕೆ ಕೈ ಪಳಗಿದವರು ಇನ್ನೊಂದಕ್ಕೆ ಹೋದಾಗ ಅವಸರದಲ್ಲಿ ತಡವರಿಸುತ್ತಾರೆ.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು. 24 ಮೆಗಾಪಿಕ್ಸೆಲ್ ಅಂದರೆ 6000x4000. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೂ 20 ಇಂಚು ಅಗಲದ ಚಿತ್ರ ಬರುತ್ತದೆ. 4ಕೆ ಪರದೆಗೆ 8.3 ಮೆಗಾಪಿಕ್ಸೆಲ್ ಸಾಕು. ಜಾಸ್ತಿ ಕ್ರಾಪ್ ಮಾಡುವವರನ್ನು ಬಿಟ್ಟರೆ ಉಳಿದವರು ಇದಕ್ಕಾಗಿ ಲೆನ್ಸಿನ ದುಡ್ಡನ್ನು ಕ್ಯಾಮೆರಾ ಬಾಡಿಯ ಮೇಲೆ ಸುರಿಯಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಬಗ್ಗೆಯೂ ಪತ್ರಿಕೆ ಬರೆಯಬೇಕು, ಯಾಕೆಂದರೆ ಹವ್ಯಾಸಿಗಳಿಗೆ ಒಳ್ಳೆಯ ಗಾಜು ಕೈಗೆಟುಕುವುದು ಹೆಚ್ಚಾಗಿ ಆ ದಾರಿಯಲ್ಲೇ. ನೋಡುವ ಕ್ರಮ ಕಷ್ಟದ್ದಲ್ಲ. ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಬೇಕು. ಒಂದೆರಡು ಧೂಳಿನ ಕಣ ಕಂಡರೆ ಚಿಂತೆ ಇಲ್ಲ, ಚಿತ್ರದಲ್ಲಿ ಅದು ಕಾಣುವುದಿಲ್ಲ. ಜೇಡರ ಬಲೆಯಂಥ ಸಣ್ಣ ಎಳೆಗಳು ಅಂಚಿನಿಂದ ಹರಡಿದ್ದರೆ ಅದು ಫಂಗಸ್, ಅಂಥದ್ದನ್ನು ಅಲ್ಲೇ ಬಿಡುವುದು ಒಳ್ಳೆಯದು. ಗಾಜು ಮಂಜು ಕವಿದಂತೆ ಮಬ್ಬಾಗಿ ಹೊಳೆದರೂ ಬೇಡ. ಆಮೇಲೆ ಅಪರ್ಚರ್ ಕಿರಿದು ಮಾಡಿ ಅದರ ಎಲೆಯಂಥ ಪಟ್ಟಿಗಳ ಮೇಲೆ ಎಣ್ಣೆ ಹೊಳೆಯುತ್ತದೋ ನೋಡಬೇಕು. ಕೊನೆಗೆ ಒಂದು ಇಟ್ಟಿಗೆ ಗೋಡೆಗೆ ನೇರ ನಿಂತು ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಒಂದು ಚಿತ್ರ. ನಾಲ್ಕೂ ಮೂಲೆ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಕಡೆ ಮಸುಕಾಗಿದ್ದರೆ ಒಳಗಿನ ಗಾಜು ಸರಿದಿರಬಹುದು. ಮನೆಗೆ ತಂದ ಮೇಲೆ ತೇವ ಇಲ್ಲದ ಜಾಗದಲ್ಲಿ ಇಡಬೇಕು. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ ಶೇ. 40-50ರ ನಡುವೆ, ಇಲ್ಲದಿದ್ದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟರೂ ನಡೆಯುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಸುತ್ತಿಡಬಾರದು.

ಇನ್ನೊಂದು ಚಟದ ಬಗ್ಗೆ ಎಚ್ಚರಿಸಲೇಬೇಕು. 14ರಿಂದ 600ರವರೆಗೆ ಒಂದೂ ಬಿಡದೆ ಎಲ್ಲ ಫೋಕಲ್ ಲೆಂತ್ ಕೈಯಲ್ಲಿರಬೇಕು ಅಂತ ಕೆಲವರು ಲೆನ್ಸ್ ಕೂಡಿಸುತ್ತಾ ಹೋಗುತ್ತಾರೆ. 24-70 ಆಯಿತು, 70-200 ಆಯಿತು, ಅಂತ ಸುಮ್ನೆ ಖಾಲಿ ಜಾಗ ತುಂಬುವುದು. ನಡುವೆ ಸ್ವಲ್ಪ ಅಂತರ ಇದ್ದರೆ ಎರಡು ಹೆಜ್ಜೆ ಹಿಂದೆ ಮುಂದೆ ಹೋದರೆ ಆಯಿತು. ಒಂದು ಹಗುರ ಜೂಮ್, ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಒಂದು ಒಳ್ಳೆಯ ಲೆನ್ಸ್, ಇಷ್ಟರಲ್ಲಿ ವರ್ಷಗಟ್ಟಲೆ ಖುಷಿಯಾಗಿ ಚಿತ್ರ ತೆಗೆಯಬಹುದು.

ಸಂಪಾದಕರೇ, ಪತ್ರಿಕೆಗೆ ನನ್ನ ಎರಡು ಕೋರಿಕೆಗಳಿವೆ. ಮುಂದಿನ ಸಲ ಯಾವುದಾದರೂ ಕ್ಯಾಮೆರಾ ಬಗ್ಗೆ ಬರೆಸುವಾಗ ಪಕ್ಕದಲ್ಲೇ ಚಿಕ್ಕದಾಗಿ ಅದರ ಮೌಂಟ್ ಯಾವುದು, ಹಕ್ಕಿಗೆ, ಮುಖಚಿತ್ರಕ್ಕೆ, ಮ್ಯಾಕ್ರೋಗೆ ಅದರಲ್ಲಿ ಯಾವ ಲೆನ್ಸ್ ಸಿಗುತ್ತದೆ, ಬಾಡಿ ಸೇರಿ ಒಟ್ಟು ತೂಕ ಎಷ್ಟು ಅಂತ ಹಾಕಿಸಿ. ಎರಡನೆಯದು ಇನ್ನೂ ಸುಲಭ. ಓದುಗರು ಕಳಿಸಿದ ಚಿತ್ರ ಅಚ್ಚು ಮಾಡುವಾಗ ಹೆಸರಿನ ಕೆಳಗೆ ಲೆನ್ಸ್, ಫೋಕಲ್ ಲೆಂತ್, ಅಪರ್ಚರ್, ಶಟರ್ ಸ್ಪೀಡ್ ಕೂಡ ಕೊಡಿ. ಕಳಿಸಿದ ಫೈಲಿನಲ್ಲಿ ಸಾಮಾನ್ಯವಾಗಿ ಅದೆಲ್ಲ ಇರುತ್ತದೆ, ಇಲ್ಲದಿದ್ದರೆ ಕಳಿಸಿದವರನ್ನೇ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಇತಿ,
ನಿಮ್ಮ ಪತ್ರಿಕೆಯ ಓದುಗ, ಹವ್ಯಾಸಿ ಛಾಯಾಗ್ರಾಹಕ