ಲಗ್ನ ಮುಗಿದ ಸ್ಟೇಜ್ ಹುಡುಗರಿಗೆ ಬಿಟ್ಟುಕೊಡಿ

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯಲ್ಲಿ ಶಾಮಿಯಾನ, ಸ್ಟೇಜ್ ಡೆಕೊರೇಷನ್ ಕೆಲಸ ಮಾಡುವವನು. ನಮ್ಮೂರಲ್ಲಿ ಮೊಬೈಲ್ ಹಿಡಿದು ಕಿರುಚಿತ್ರ ಮಾಡುವ ಕಾಲೇಜು ಹುಡುಗರ ಪರವಾಗಿ ಬರೆಯುತ್ತಿದ್ದೇನೆ.

ಹಾಲಿವುಡ್‌ನಲ್ಲಿ ರೋಜರ್ ಕಾರ್ಮನ್ ಅಂತ ನಿರ್ಮಾಪಕರಿದ್ದರು. 2024ರ ಮೇ ತಿಂಗಳಲ್ಲಿ ತೀರಿಕೊಂಡರು, 98 ವರ್ಷ. ಓದಿದ್ದು ಎಂಜಿನಿಯರಿಂಗ್. ನೌಕರಿಯನ್ನು ನಾಲ್ಕೇ ದಿನಕ್ಕೆ ಬಿಟ್ಟು, ಸ್ಟುಡಿಯೊದಲ್ಲಿ ಕಾಗದ ತಲುಪಿಸುವ ಕೆಲಸಕ್ಕೆ ಸೇರಿದರು. ಆಮೇಲೆ ನೂರಾರು ಸಿನಿಮಾ ತೆಗೆದರು. 1960ರ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಕಥೆ ಕೇಳಿ. ಬೇರೆ ಸಿನಿಮಾಕ್ಕೆ ಹಾಕಿದ್ದ ಸೆಟ್ ಇನ್ನೂ ಬಿಚ್ಚಿರಲಿಲ್ಲ. ಅದರಲ್ಲೇ ಮುಖ್ಯ ಶೂಟಿಂಗ್ ಎರಡು ದಿನದಲ್ಲಿ ಮುಗಿಸಿದರು. ಅದರಲ್ಲಿ ಸಣ್ಣ ಪಾತ್ರ ಮಾಡಿದ ಹುಡುಗ, ಮುಂದೆ ದೊಡ್ಡ ಸ್ಟಾರ್ ಆದ ಜಾಕ್ ನಿಕೋಲ್ಸನ್!

ಇನ್ನೊಂದು ಸಿನಿಮಾಕ್ಕೆ ಯುರೋಪಿಗೆ ಹೋದಾಗ ಉಳಿದ ದುಡ್ಡನ್ನು ಸಹಾಯಕನಾಗಿದ್ದ, ಮುಂದೆ ‘ದಿ ಗಾಡ್‌ಫಾದರ್’ ತೆಗೆದ ಫ್ರಾನ್ಸಿಸ್ ಕಪೋಲಾಗೆ ಕೊಟ್ಟು, ನೀನೊಂದು ಮಾಡು ಅಂದರು. ‘ಟೈಟಾನಿಕ್’ ತೆಗೆದ ಜೇಮ್ಸ್ ಕ್ಯಾಮರಾನ್ ಇವರ ಹತ್ತಿರ ಮೊದಲು ಮಾಡಿದ್ದು ಅಂತರಿಕ್ಷ ನೌಕೆಯ ಸಣ್ಣ ಮಾದರಿಗಳು. ನಮ್ಮ ಥರ್ಮಾಕೋಲ್ ಕೆಲಸದಂಥದ್ದೇ ಅಲ್ವಾ? ಸಂಬಳ ಕಡಿಮೆ ಕೊಡುತ್ತಿದ್ದರು, ನಿಜ. ಆದರೆ ಹೊಸಬರನ್ನು ನಂಬಿ ಕೆಲಸ ಕೊಟ್ಟರು. 2009ರಲ್ಲಿ ಅವರಿಗೆ ಗೌರವ ಆಸ್ಕರ್ ಬಂತು.

ಉಳಿದ ಸೆಟ್ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಬೀಗರು ಬಸ್ ಹತ್ತಿದ ಮೇಲೆ ಸ್ಟೇಜ್ ಮೇಲೆ ಬಾಡಿದ ಹೂವು, ತುಳಿದ ಅಕ್ಷತೆ, ಎರಡು ರಾಜಾ ಕುರ್ಚಿ. ಬಿಚ್ಚಲು ನಮ್ಮ ಹುಡುಗರು ಬರುವುದು ಬೆಳಿಗ್ಗೆ 6ಕ್ಕೆ. ಇಡೀ ರಾತ್ರಿ ಅದು ಸುಮ್ನೆ ನಿಂತಿರುತ್ತದೆ.

ಕಳೆದ ಲಗ್ನದ ಸೀಸನ್ನಿನಲ್ಲಿ ಮಗನ ಗೆಳೆಯರು ಬಂದು, “ಕಾಕಾ, ಒಂದು ರಾತ್ರಿ ಬಿಟ್ಟುಕೊಡ್ರಿ, ಒಂದು ಪಿನ್ನೂ ಕೀಳಂಗಿಲ್ಲ” ಅಂದರು. ಒಪ್ಪಿದೆ. ಮಗಳನ್ನು ಕಳಿಸಿ ಒಬ್ಬನೇ ಕೂತು ಸಾಲದ ಲೆಕ್ಕ ಬರೆಯುವ ಅಪ್ಪನ ಕಥೆ. ರಾತ್ರಿ 1 ಗಂಟೆಗೆ ಮಂಟಪದ ಮ್ಯಾನೇಜರ್ ಬಂದು, ಇನ್ನೊಂದು ದಿನದ ಬಾಡಿಗೆ ಕೊಡಿ ಅಂತ ಮೇನ್ ಸ್ವಿಚ್ ಆರಿಸಿಬಿಟ್ಟರು. ಸ್ಟೇಜ್ ಹೊರಗಿನ ಬಯಲಲ್ಲಿತ್ತು. ನನ್ನ ಟೆಂಪೊ ತಂದು ಎದುರಿಗೆ ನಿಲ್ಲಿಸಿ ಹೆಡ್‌ಲೈಟ್ ಹಚ್ಚಿದೆ. ಆ ಬೆಳಕಿನಲ್ಲಿ ಅಪ್ಪನ ಪಾತ್ರದ ಹುಡುಗ ಕುರ್ಚಿಗೆ ಅಂಟಿದ್ದ ಅಕ್ಕಿಕಾಳು ಒಂದೊಂದೇ ಆರಿಸಿದ. ನನ್ನ ಕಣ್ಣು ತುಂಬಿ ಬಂತು.

ಕಲಬುರಗಿ, ಬೀದರ್, ಯಾದಗಿರಿಯ ಮಂಟಪದ ಮಾಲೀಕರೇ, ಶಾಮಿಯಾನದವರೇ, ಆ ಒಂದು ರಾತ್ರಿ ಹುಡುಗರಿಗೆ ಕೊಡಿ. ಕರೆಂಟಿನ ದುಡ್ಡು ಮಾತ್ರ ತಗೊಳ್ಳಿ, ಜಾಸ್ತಿ ಬೇಡ. ಆಷಾಢದಲ್ಲಿ ಲಗ್ನ ಇರುವುದಿಲ್ಲ, ನನ್ನ ಗೋಡೌನಿನಲ್ಲಿ ಎರಡು ಸ್ಟೇಜಿನ ಸಾಮಾನು ಖಾಲಿ ಬಿದ್ದಿರುತ್ತದೆ. ಬೇಕಾದವರು ಒಯ್ಯಲಿ. ಬಾಡಿಗೆ ಬೇಡ, ವಾಪಸ್ ತಂದು ಜೋಡಿಸಿಟ್ಟರೆ ಸಾಕು.

– ಒಬ್ಬ ಶಾಮಿಯಾನ ಮಾಲೀಕ, ಕಲಬುರಗಿ