ಬೆಳಕು ಮೊದಲು, ಬಿಸುಪು ಆಮೇಲೆ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ಅಪ್ಪನ ಕೆಮ್ಮು ಈ ವಾರ ಪೂರ್ತಿ ಕಡಿಮೆಯಾಗಿದೆ, ಅದರ ಚಿಂತೆ ಬಿಡು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಲ್ಲೇ ಕುಳಿತಿದೆ. “ಕತ್ತಲಲ್ಲೇ ಏಳುತ್ತೇನೆ, ಕತ್ತಲಲ್ಲೇ ವಾಪಸ್ ಬರುತ್ತೇನೆ, ಈ ಜನವರಿ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ ಅಮ್ಮಾ” ಎಂದೆ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನಡುವೆ ಹತ್ತು ಬೇರೆ ಮಾತು ಬಂದುಬಿಡುತ್ತವೆ. ಇಂಥದ್ದಕ್ಕೆ ಕಾಗದವೇ ಸರಿ ಎಂದು ಬರೆಯಲು ಕುಳಿತೆ.

ನಿನಗೆ ಮೊದಲು ಒಂದು ಲೆಕ್ಕ ಹೇಳಬೇಕು. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ಕ್ಕೆ ಎಂಬುದು ನಿನಗೆ ಗೊತ್ತಿದೆ. ಆದರೆ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವ ದಿನ ಅದಲ್ಲ. 40 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಊರುಗಳಲ್ಲಿ ಆ ದಿನ ಡಿಸೆಂಬರ್ ಮೊದಲ ವಾರ ಮುಗಿಯುವ ಹೊತ್ತಿಗೇ ಬಂದು ಹೋಗಿರುತ್ತದೆ. ಬೆಳಗಿನದು ಇದಕ್ಕೆ ತದ್ವಿರುದ್ಧ: ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಜನವರಿಯ ಮೊದಲ ವಾರದಲ್ಲಿ. ಗಡಿಯಾರಕ್ಕೆ ದಿನವೆಂದರೆ ಸರಿಯಾಗಿ 24 ಗಂಟೆ. ಸೂರ್ಯನ ಲೆಕ್ಕದಲ್ಲಿ ಹಾಗಲ್ಲ. ನಡುಹಗಲೆಂದರೆ ಸೂರ್ಯ ಆ ದಿನದ ಅತಿ ಎತ್ತರಕ್ಕೇರುವ ಹೊತ್ತು. ಡಿಸೆಂಬರ್ ಕೊನೆಯಲ್ಲಿ ಒಂದು ನಡುಹಗಲಿನಿಂದ ಇನ್ನೊಂದು ನಡುಹಗಲಿಗೆ ಸುಮಾರು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಸೂರ್ಯನ ಸುತ್ತ ಭೂಮಿಯ ಓಟ ಆಗ ಚುರುಕಾಗಿರುವುದು ಒಂದು ಕಾರಣ, ಅದರ ಅಕ್ಷದ ಓರೆ ಇನ್ನೊಂದು ಕಾರಣ. ಹೀಗಾಗಿ ನಡುಹಗಲು ದಿನದಿನಕ್ಕೂ ಗಡಿಯಾರದಲ್ಲಿ ಅಷ್ಟಷ್ಟು ತಡವಾಗುತ್ತಾ ಹೋಗುತ್ತದೆ, ಬೆಳಗು ಸಂಜೆಗಳನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ.

ಅಂದರೆ ನಿನ್ನ ಬೆಳಗಿನ ಕತ್ತಲು ನೀನು ಹೇಳಿದ ಹಾಗೆ ನಿಜವೇ, ಅದು ಈಗಷ್ಟೇ ತಿರುಗುತ್ತಿದೆ. ಸಂಜೆ ಮಾತ್ರ ತಿರುಗಿ ತಿಂಗಳಾಯಿತು. ಜನವರಿ ಮುಗಿಯುವಷ್ಟರಲ್ಲಿ, ಡಿಸೆಂಬರಿನ ಆ ಅತಿ ಬೇಗನೆಯ ಸೂರ್ಯಾಸ್ತಕ್ಕಿಂತ ಸುಮಾರು 40 ನಿಮಿಷ ತಡವಾಗಿ ಸೂರ್ಯ ಮುಳುಗುತ್ತಿರುತ್ತಾನೆ. ಚಳಿಗಾಲ ಇನ್ನೂ ಬಾಗಿಲಲ್ಲಿ ನಿಂತು ಕಾಲು ಒರೆಸಿಕೊಳ್ಳುತ್ತಿರುವಾಗಲೇ ಸಂಜೆಯ ಬೆಳಕು ವಾಪಸ್ ಹೊರಟಾಗಿರುತ್ತದೆ. ಇದು ನನಗೆ ಬಹಳ ದೊಡ್ಡ ಸಮಾಧಾನ, ಪುಟ್ಟಿ. ನಿನಗೂ ಆಗಲಿ ಎಂದೇ ಇಷ್ಟು ಉದ್ದಕ್ಕೆ ಬರೆದೆ.

ಹಾಗಾದರೆ ಚಳಿ ಯಾಕೆ ಹೆಚ್ಚುತ್ತಲೇ ಇದೆ ಎಂದು ನೀನು ಕೇಳುತ್ತೀಯ. ಸೂರ್ಯ ದೂರ ಹೋಗಿದ್ದಾನೆ ಎಂಬುದು ಕಾರಣವಲ್ಲ. ಜನವರಿ ಮೊದಲ ವಾರದಲ್ಲೇ ನಾವು ಅವನಿಗೆ ಅತಿ ಹತ್ತಿರ ಇರುವುದು, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ ಅದು 15.2 ಕೋಟಿ ಆಗುತ್ತದೆ. ಎಲ್ಲವೂ ಭೂಮಿಯ ಅಕ್ಷದ 23.4 ಡಿಗ್ರಿ ಓರೆಯ ಆಟ. ಬಿಸಿಲು ಓರೆಯಾಗಿ, ಸ್ವಲ್ಪ ಹೊತ್ತು ಮಾತ್ರ ಬೀಳುತ್ತದೆ; ಉದ್ದನೆಯ ರಾತ್ರಿಯಲ್ಲಿ ನೆಲ ಅದಕ್ಕಿಂತ ಹೆಚ್ಚು ಶಾಖ ಕಳೆದುಕೊಳ್ಳುತ್ತದೆ. ಸಂಬಳಕ್ಕಿಂತ ಖರ್ಚು ಹೆಚ್ಚಿರುವ ಮನೆಯಲ್ಲಿ ಸಂಬಳ ಸ್ವಲ್ಪ ಏರಿದ ಮಾತ್ರಕ್ಕೆ ಸಾಲ ಇಳಿಯುತ್ತದೆಯೇ? ಖರ್ಚನ್ನು ಸಂಬಳ ಮೀರುವವರೆಗೂ ಸಾಲ ಬೆಳೆಯುತ್ತಲೇ ಇರುತ್ತದೆ. ನೆಲದ್ದೂ ಅದೇ ಕಥೆ. ಬೆಳಕು ತಿರುಗಿ ವಾರಗಳೇ ಕಳೆದ ಮೇಲೆ, ಜನವರಿಯ ನಡುವಿನಲ್ಲೋ ಕೊನೆಯಲ್ಲೋ, ಹೆಚ್ಚಿನ ಕಡೆ ಅತಿ ಕೊರೆಯುವ ದಿನಗಳು ಬರುತ್ತವೆ. ಚಳಿ ನಿನಗೆ ಹೇಳುತ್ತಿರುವುದು ಹಳೆಯ ಸುದ್ದಿ. ಹೊಸ ಸುದ್ದಿ ಬೇಕಾದರೆ ಸಂಜೆಯ ಕಿಟಕಿಯನ್ನು ನೋಡು.

ಇಲ್ಲಿಯ ಸುದ್ದಿ ಕೇಳು. ಭಾನುವಾರ ರಾತ್ರಿಯಿಡೀ ಹಿಮ ಬಿತ್ತು. ಬೆಳಿಗ್ಗೆ ಎದ್ದಾಗ ಬೀದಿಯಲ್ಲಿ ಸದ್ದೇ ಇರಲಿಲ್ಲ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚು, ಅದು ಸದ್ದನ್ನು ಹೀರಿಕೊಳ್ಳುತ್ತದೆ. ದೂರದ ಹೆದ್ದಾರಿಯ ಮೊರೆತವೂ ಅದರೊಳಗೆ ಅಡಗಿಹೋಗಿತ್ತು. ಸಲಿಕೆ ಹಿಡಿದು ಹೊರಗೆ ಬಂದೆ. ಕಾರಿನ ದಾರಿಯನ್ನು ಬಾಗಿಲಿನಿಂದ ರಸ್ತೆಯವರೆಗೆ ತೆರವು ಮಾಡಿ ನಿಟ್ಟುಸಿರು ಬಿಡುವಷ್ಟರಲ್ಲಿ, ಹಿಮ ತಳ್ಳುವ ಲಾರಿ ಬಂದು ರಸ್ತೆಯದ್ದನ್ನೆಲ್ಲ ದಾರಿಯ ಬಾಯಿಗೆ ಒತ್ತಿ ಹೋಯಿತು. ಆ ಒತ್ತಿದ ಹಿಮ ಗಟ್ಟಿ, ಭಾರ. ಮತ್ತೆ ಸಲಿಕೆ ಎತ್ತಬೇಕು. ಚಾಲಕನ ಮೇಲೆ ನನಗೆ ಬೇಸರವಿಲ್ಲ. ನಾವು ನಿದ್ದೆಯಲ್ಲಿದ್ದಾಗಿನಿಂದ ಅವರು ರಸ್ತೆಯಲ್ಲಿದ್ದರು, ಅವರಿಂದಾಗಿಯೇ ಆಂಬುಲೆನ್ಸು, ಶಾಲೆಯ ಬಸ್ಸು ಎಲ್ಲ ಓಡಾಡುವುದು.

ದಾರಿಯ ಅಂಚಿನಲ್ಲಿ ಸಲಿಕೆಯಿಂದ ಕಡಿದ ಗೋಡೆಯನ್ನು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಮೇಲೆ ಅಂಗೈ ದಪ್ಪ ಹೊಸ ಹಿಮ, ಊದಿದರೆ ಹಾರುವಷ್ಟು ಹಗುರ. ಅದರ ಕೆಳಗೆ ಉಗುರಿನಷ್ಟು ತೆಳ್ಳಗೆ ಗಾಜಿನಂಥ ಪದರ: ಹೋದ ವಾರ ಮಳೆ ಬಿದ್ದು ರಾತ್ರಿ ಹೆಪ್ಪುಗಟ್ಟಿತಲ್ಲ, ಅದು. ಆಮೇಲೆ ಒಂದು ಬೂದು ಗೆರೆ, ರಸ್ತೆಯ ಉಪ್ಪು ಮಣ್ಣು ಸಿಡಿದದ್ದು. ಎಲ್ಲಕ್ಕೂ ಕೆಳಗೆ, ಹೊಸ ವರ್ಷಕ್ಕೂ ಮೊದಲು ಬಿದ್ದ ಹಿಮ. ಅದು ಹಿಮದ ರೂಪವನ್ನೇ ಬಿಟ್ಟು ದಪ್ಪ ದಪ್ಪ ಕಾಳಾಗಿದೆ, ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ಈ ಚಳಿಗಾಲದ ಅಷ್ಟೂ ದಿನಗಳು ಒಂದರ ಮೇಲೊಂದು ಕುಳಿತಿದ್ದವು. ನೀನು ರಜೆ ಮುಗಿಸಿ ಹೊರಟ ದಿನ ಯಾವ ಪದರದ್ದು ಎಂದು ಬೆರಳಿಟ್ಟು ತೋರಿಸಬಲ್ಲೆ.

ನಮ್ಮಂಥ ಬಡಾವಣೆಗಳಲ್ಲಿ ಚಳಿಗಾಲ ಬಂತೆಂದರೆ ಜನ ಕಾಣುವುದೇ ಇಲ್ಲ. ಗ್ಯಾರೇಜಿನ ಬಾಗಿಲು ಏರುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಹಿಮ ಬಿದ್ದ ಬೆಳಿಗ್ಗೆ ಮಾತ್ರ ಎಲ್ಲರೂ ಹೊರಗೆ. ಎದುರು ಮನೆಯ ಅಜ್ಜ ಸಲಿಕೆಗೆ ಒರಗಿ ನಿಂತು ನಿನ್ನ ಓದಿನ ಬಗ್ಗೆ ಕೇಳಿದರು. ಮೂಲೆಮನೆಯ ಹುಡುಗರು ಅವರ ದಾರಿಯನ್ನೂ ತೆರವು ಮಾಡಿಕೊಟ್ಟರು, ಯಾರೂ ಹೇಳಿರಲಿಲ್ಲ. ಹಿಮವನ್ನು ಶತ್ರು ಬಂದ ಹಾಗೆ ಬಣ್ಣಿಸುವ ಟಿವಿಯ ಹವಾಮಾನ ವರದಿ ನನಗೆ ಸರಿಬರುವುದಿಲ್ಲ. ಅಪಾಯ ಇರುವಾಗ ಎಚ್ಚರಿಸಲೇಬೇಕು, ಅದು ಅವರ ಕೆಲಸ. ಆದರೆ ಅದೇ ಹಿಮ ಒಂದು ಬೀದಿಯ ಜನರನ್ನು ಮಾತಾಡಿಸುತ್ತದೆ ಎಂಬುದೂ ಸುದ್ದಿಯೇ ಅಲ್ಲವೇ?

ಮುಂದಿನ ಸಲ ಹಿಮ ಬೀಳುವಾಗ ಕಪ್ಪು ಕೋಟಿನ ತೋಳನ್ನು ಚಾಚಿ ನಿಲ್ಲು. ವಿಲ್ಸನ್ ಬೆಂಟ್ಲಿ ಎಂಬ ರೈತ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬಲ್ಲಿ ಬದುಕು ಪೂರ್ತಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಅವನಿಗೆ ಹದಿನೈದು ವರ್ಷವಿದ್ದಾಗ ತಾಯಿ ಒಂದು ಹಳೆಯ ಸೂಕ್ಷ್ಮದರ್ಶಕ ಕೊಟ್ಟಳು. 1885ರ ಜನವರಿಯಲ್ಲಿ, ಇಪ್ಪತ್ತು ತುಂಬುವ ಮೊದಲೇ, ಒಂಟಿ ಹಿಮಹರಳಿನ ಫೋಟೋ ತೆಗೆದ. ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ಉಸಿರು ಬಿಗಿಹಿಡಿದು, ಹಕ್ಕಿಯ ಗರಿಯಿಂದ ಹರಳನ್ನು ಮೆಲ್ಲನೆ ಒತ್ತಿ ಕೂರಿಸಿ ತೆಗೆಯುತ್ತಿದ್ದನಂತೆ. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ 5000ಕ್ಕೂ ಹೆಚ್ಚು ಚಿತ್ರಗಳಾಗಿದ್ದವು. ನನಗೆ ಅವನಿಗಿಂತ ಹೆಚ್ಚಾಗಿ ಆ ತಾಯಿಯೇ ನೆನಪಾಗುತ್ತಾಳೆ. ಮಗನ ಕಣ್ಣು ಎತ್ತ ಹೋಗುತ್ತಿದೆ ಎಂದು ಗಮನಿಸಿ, ಕೈಗೆ ಬೇಕಾದ್ದನ್ನು ಕೊಟ್ಟು ಸುಮ್ಮನಾದವಳು.

ಮುಂದೆ ಜಪಾನಿನ ಹೊಕ್ಕೈಡೊದಲ್ಲಿ ಉಕಿಚಿರೊ ನಕಾಯಾ ಎಂಬ ಭೌತವಿಜ್ಞಾನಿ 1936ರಲ್ಲಿ ಪ್ರಯೋಗಾಲಯದೊಳಗೇ ಹಿಮಹರಳು ಬೆಳೆಸಿದ, ಮೊಲದ ಒಂದು ಕೂದಲಿನ ತುದಿಯಲ್ಲಿ. ಹರಳಿನ ಆಕಾರವನ್ನು ತೀರ್ಮಾನಿಸುವುದು ಮೋಡದ ಶೀತ ಮತ್ತು ತೇವ ಎಂದು ತೋರಿಸಿಕೊಟ್ಟ. ನಿನ್ನ ತೋಳಿನ ಮೇಲೆ ಆರು ಕೈಗಳ ಗರಿಗರಿ ನಕ್ಷತ್ರ ಬಿದ್ದರೆ ಅದು ಸುಮಾರು ಮೈನಸ್ 15 ಡಿಗ್ರಿಯ ತೇವದ ಮೋಡದಲ್ಲಿ ಬೆಳೆದದ್ದು. ಸೂಜಿಯಂಥದ್ದು ಬಿದ್ದರೆ ಮೈನಸ್ 5ರ ಹತ್ತಿರದ್ದು. ತರಗತಿಗೆ ನಡೆದು ಹೋಗುವ ಹಾದಿಯಲ್ಲೇ ಇಷ್ಟು ತಿಳಿದುಕೊಳ್ಳಬಹುದು.

ಈಗ ಅಮ್ಮನಾಗಿ ಒಂದಿಷ್ಟು ಹೇಳುತ್ತೇನೆ, ಕೇಳಿಸಿಕೊ. ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಹೋಗಿ ಅರ್ಧ ಗಂಟೆ ನಡೆ. ಮೋಡ ಕವಿದಿದ್ದರೂ ಹೋಗು. ದೀಪ ಹಚ್ಚಿದ ಕೋಣೆ ನಮ್ಮ ಕಣ್ಣಿಗೆ ಬೆಳಗಿದಂತೆ ಕಂಡರೂ ಅಲ್ಲಿರುವುದು ಕೆಲವು ನೂರು ಲಕ್ಸ್ ಮಾತ್ರ (ಲಕ್ಸ್ ಅಂದರೆ ಬೆಳಕಿನ ಅಳತೆ). ಮೋಡದ ನಡುಹಗಲಿನಲ್ಲೂ ಹೊರಗೆ ಅದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಚಳಿಗಾಲದಲ್ಲಿ ಬೆಳಕು ಕಡಿಮೆಯಾದಾಗ ಮನಸ್ಸು ಕುಗ್ಗುವುದು ಸೋಮಾರಿತನವಲ್ಲ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು ಮತ್ತು ಜೊತೆಗಾರರು ಅದನ್ನು ವೈದ್ಯಕೀಯವಾಗಿ ವಿವರಿಸಿ ಹೆಸರಿಟ್ಟರು, ಬೆಳಗಿನ ಹೊತ್ತು 10,000 ಲಕ್ಸಿನ ದೀಪದ ಮುಂದೆ ಕೂರಿಸುವ ಚಿಕಿತ್ಸೆಯೂ ಇದೆ. ಹಾಸಿಗೆ ಬಿಟ್ಟೇಳಲು ಮನಸ್ಸಾಗದ ದಿನಗಳು ಒಂದರ ಹಿಂದೆ ಒಂದು ಬಂದರೆ, ಓದಿನಲ್ಲಿ, ಗೆಳತಿಯರಲ್ಲಿ ಆಸಕ್ತಿ ಹೋದರೆ, ಡಾಕ್ಟರ ಹತ್ತಿರ ಹೋಗು. ನನಗೂ ಹೇಳು. ಅಮ್ಮ ಗಾಬರಿಯಾಗುತ್ತಾಳೆ ಎಂದು ಬಚ್ಚಿಡಬೇಡ. ಗೊತ್ತಿಲ್ಲದಿದ್ದಾಗಲೇ ನನಗೆ ಗಾಬರಿ ಹೆಚ್ಚು.

ಕಾರಿನ ವಿಷಯವೂ ಇದೆ. ಹಿಮ ಬಿದ್ದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲು ಹೊಗೆ ಕೊಳವೆಯ ಸುತ್ತ ಕೈಯಾಡಿಸಿ ತೆರವು ಮಾಡು. ಅದು ಮುಚ್ಚಿಕೊಂಡಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕಾರಿನ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೈನಸ್ 10ಕ್ಕಿಂತ ಕೆಳಗಿಳಿದರೆ ಮೆಟ್ಟಿಲಿಗೆ ಸುರಿದ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ, ಮರಳು ಹಾಕಿಸು. ತುಂಬಾ ಕೊರೆಯುವ ರಾತ್ರಿ ಹೊರಗೋಡೆಯ ಕಡೆಯ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಪೈಪು ಅದನ್ನು ತಡೆಯುವುದಿಲ್ಲ.

ನಮ್ಮ ಅಡುಗೆಮನೆಯ ಕಿಟಕಿಗೆ ಕಪ್ಪು ಟೊಪ್ಪಿಗೆಯ ಆ ಚಿಕ್ಕ ಚಿಕಡೀ ಹಕ್ಕಿ ಈಗಲೂ ಬರುತ್ತದೆ. ತೂಕ ಹನ್ನೆರಡು ಗ್ರಾಂ ಆಸುಪಾಸು ಅಷ್ಟೇ. ಹಗಲಿನಲ್ಲಿ 42 ಡಿಗ್ರಿಯಷ್ಟಿರುವ ಮೈಬಿಸಿಯನ್ನು ಕೊರೆಯುವ ರಾತ್ರಿಯಲ್ಲಿ 10 ಡಿಗ್ರಿಯಷ್ಟು ಇಳಿಸಿಕೊಂಡು, ನಡುಗುತ್ತಾ ಬೆಳಗು ಮಾಡುತ್ತದೆ. ಅದೇ ಕಿಟಕಿಯ ಪಕ್ಕದ ಮೇಪಲ್ ಕೊಂಬೆಯನ್ನು ನಿನ್ನೆ ಕೈಯಲ್ಲಿ ಹಿಡಿದು ನೋಡಿದೆ. ತುದಿಯಲ್ಲಿ ಕೆಂಪು ಮೊಗ್ಗು, ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ ಪೊರೆಯ ಮೇಲೆ ಪೊರೆ. ಆ ಮೊಗ್ಗು ಈಗ ಬಂದದ್ದಲ್ಲ, ಹೋದ ಬೇಸಿಗೆಯಲ್ಲೇ ಕಟ್ಟಿದ್ದು. ವಾರಗಟ್ಟಲೆ ಚಳಿ ಉಣ್ಣದೆ ಅದು ಅರಳುವುದಿಲ್ಲ. ನಡುವೆ ನಾಲ್ಕು ದಿನ ಬಿಸಿಲು ಬಂದರೂ ಮೋಸಹೋಗದಂತೆ ಮರಕ್ಕಿರುವ ಕಾವಲು ಅದು. ಚಳಿ ಸಾಕಷ್ಟು ಆದ ಮೇಲೆಯೇ ಬಿಸಿಲಿಗೆ ಓಗೊಡುತ್ತದೆ. ಈ ಮರ ಎಷ್ಟು ವರ್ಷದಿಂದ ಅಲ್ಲಿದೆ, ನಾನು ಎಷ್ಟು ಸಲ ಅದರ ಎಲೆ ಗುಡಿಸಿದ್ದೇನೆ! ನೀನು ಬಂದಾಗ ಆ ಕೊಂಬೆ ತೋರಿಸಬೇಕು.

ನಿನ್ನ ದಪ್ಪ ಕೈಗವಸು ಇಲ್ಲೇ ಉಳಿದಿದೆ, ಸೋಮವಾರ ಅಂಚೆಗೆ ಹಾಕುತ್ತೇನೆ. ಜೊತೆಗೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ, ಒಳಗೆ ತೆಳುವಾದ ಹತ್ತಿಯದು ಹಾಕಬೇಡ, ಅದು ಬೆವರು ಹಿಡಿದು ಕಾಲು ತಣ್ಣಗಾಗಿಸುತ್ತದೆ. ಬೂಟು ಹೊಸದು ಬೇಕೋ ಹಳೆಯದೇ ನಡೆಯುತ್ತದೋ ತಿಳಿಸು. ಮತ್ತೆ ಒಂದು ಕೆಲಸ: ಇಂದಿನಿಂದ ತಿಂಗಳ ಕೊನೆಯವರೆಗೆ ನಿನ್ನ ಕಿಟಕಿಯಿಂದ ಸೂರ್ಯ ಮುಳುಗುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು. ನಾನೂ ಇಲ್ಲಿ ಹಾಕುತ್ತಿದ್ದೇನೆ. ಭಾನುವಾರ ಫೋನ್ ಮಾಡಿದಾಗ ಇಬ್ಬರದ್ದನ್ನೂ ಹೋಲಿಸೋಣ.

ಇಂತಿ ನಿನ್ನ,
ಅಮ್ಮ