ರಿಪೇರಿ ಅಣ್ಣನಿಗೆ ಧನ್ಯವಾದ
ಹಳೆಯ ಡೆಸ್ಕ್‌ಟಾಪಿನ ಯುಎಸ್‌ಬಿ ಪೋರ್ಟುಗಳೆಲ್ಲ ಕೈಕೊಟ್ಟು ಕೀಬೋರ್ಡು, ಮೌಸು ಎರಡೂ ನಿಂತಿದ್ದವು. ಮಗಳ ಕಾಲೇಜು ಅರ್ಜಿ ಅರ್ಧಕ್ಕೇ ಉಳಿದಿತ್ತು. ದಾವಣಗೆರೆ ಪಿ.ಜೆ. ಬಡಾವಣೆಯ ಆ ಅಣ್ಣ ಅಂಗಡಿ ಮುಚ್ಚಿದ ಮೇಲೂ ಮನೆಗೆ ಬಂದರು.

ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಒಳಗುಳಿದ ಕರೆಂಟ್ ಇಳಿಸಿದರು. ಟಾರ್ಚ್ ಬಿಟ್ಟು ನೋಡಿದರೆ, ಮುಂದಿನ ಪೋರ್ಟಿನ ಪಿನ್ನೊಂದು ಬಾಗಿ ಲೋಹದ ಕವಚಕ್ಕೆ ತಾಗಿತ್ತು. 5 ವೋಲ್ಟ್ ಲೈನು ಹಾಗೆ ಶಾರ್ಟ್ ಆದರೆ ಬೋರ್ಡಿನ ಪುಟ್ಟ ಫ್ಯೂಸ್ ಬಿಸಿಯಾಗಿ ಕರೆಂಟ್ ತಡೆಯುತ್ತದೆ. ಅದೇ ಲೈನಿನ ಹಿಂದಿನ ಪೋರ್ಟುಗಳೂ ನಿಲ್ಲುತ್ತವೆ. ಮದರ್‌ಬೋರ್ಡಿನಿಂದ ಮುಂದಿನ ಪೋರ್ಟಿನ 9 ಪಿನ್ ಕನೆಕ್ಟರ್ ಬಿಚ್ಚಿಟ್ಟರು. ಫ್ಯೂಸ್ ತಣ್ಣಗಾಗುವವರೆಗೆ ಕಾದು, ಮತ್ತೆ ಪ್ಲಗ್ ಹಾಕಿ, ಹಿಂದಿನ ಪೋರ್ಟಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟಾಗ 5 ವೋಲ್ಟ್ ಬಂತು, ಮೌಸಿನ ಕೆಂಪು ದೀಪ ಹೊತ್ತಿತು. ಎದೆಭಾರ ಇಳಿಯಿತು.

ಹೊಸ ಬೋರ್ಡ್ ಹಾಕಿಸಿ ಎನ್ನಬಹುದಿತ್ತು, ಎನ್ನಲಿಲ್ಲ. ಬಿಚ್ಚಿದ ಕನೆಕ್ಟರಿಗೆ ಟೇಪ್ ಸುತ್ತಿ, ಕೇಳದೆಯೇ ಫ್ಯಾನಿನ ಧೂಳನ್ನೂ ಬ್ರಷ್‌ನಲ್ಲಿ ತೆಗೆದರು. ಅಣ್ಣಾ, ಅರ್ಜಿ ಅವತ್ತೇ ಹೋಯಿತು. ತುಂಬಾ ಉಪಕಾರವಾಯಿತು.